ಏಕನಾಥಮ್ಮ ಥಿಂಪುವಿನಲ್ಲಿದ್ದಾಗ ಸತ್ತ ಹೆಪ್ಪು

ಮಾಡದಕೆರೆಯ ಏಕನಾಥಮ್ಮ ಮೂವತ್ತೊಂದು ವರ್ಷ ಹೊಸದುರ್ಗ ತಾಲ್ಲೂಕಿನ ಹಳ್ಳಿಗಳಲ್ಲಿ ಸರ್ಕಾರಿ ಸಿಸ್ಟರ್ ಆಗಿದ್ದವಳು. ಲಸಿಕೆಯ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಅವಳು ಸವೆಸಿದ ದಾರಿ ಎಷ್ಟೆಂದು ಅವಳ ಚಪ್ಪಲಿಗಳಿಗೇ ಗೊತ್ತು. ಅದನ್ನು ಯಾರೂ ಪ್ರಯಾಣ ಎನ್ನಲಿಲ್ಲ, ಡ್ಯೂಟಿ ಎಂದರು. ಮಗಳ ಬಾಣಂತನಕ್ಕೆ ಹಿರಿಯೂರಿನಲ್ಲಿ ಮೂರು ತಿಂಗಳು ಇದ್ದದ್ದು, ನಾದಿನಿಯ ಆಪರೇಷನ್ ಆದಾಗ ಚಿತ್ರದುರ್ಗದ ಆಸ್ಪತ್ರೆಯ ಬೆಂಚಿನ ಮೇಲೆ ಹದಿನೆಂಟು ದಿನ ಕೂತದ್ದು, ಹಾಲುರಾಮೇಶ್ವರದ ಗುಡಿಗೆ ಹೋಗಿ ಇಪ್ಪತ್ತು ಜನಕ್ಕೆ ಬುತ್ತಿ ಬಿಚ್ಚಿ ಬಡಿಸಿದ್ದು, ಇವನ್ನೆಲ್ಲ ಗಂಡ ತಿಮ್ಮರಾಯಪ್ಪ 'ಅವಳು ಬೇಕಾದಷ್ಟು ಊರು ನೋಡಿದಾಳೆ' ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ.

ನಿವೃತ್ತಿಯಾದ ವರ್ಷ ಏಕನಾಥಮ್ಮ ಥಿಂಪುವಿಗೆ ಹೋಗುತ್ತೇನೆ ಎಂದಳು. ಭೂತಾನದ ರಾಜಧಾನಿ ಅದು. ರಾಜಧಾನಿಯಾದರೂ ಅಲ್ಲಿ ಗಲಾಟೆಯಿಲ್ಲ, ಟ್ರಾಫಿಕ್ ಸಿಗ್ನಲ್ಲೂ ಇಲ್ಲ, ಬಿಳಿ ಕೈಗವಸಿನ ಪೊಲೀಸನೊಬ್ಬ ಚೌಕದ ನಡುವಿನ ಪುಟ್ಟ ಮಂಟಪದಲ್ಲಿ ನಿಂತು ಕೈಸನ್ನೆಯಲ್ಲೇ ಗಾಡಿಗಳನ್ನು ನಡೆಸುತ್ತಾನೆ ಎಂದು ಪತ್ರಿಕೆಯಲ್ಲಿ ಓದಿದ್ದಳು. ಅದನ್ನು ನೋಡಬೇಕಿತ್ತು.

"ಯಾರ ಜೊತಿಗೆ?" ಎಂದ ತಿಮ್ಮರಾಯಪ್ಪ.

"ಒಬ್ಳೇ."

"ಏನ್ ಕೆಲ್ಸಕ್ಕೆ?"

"ಏನೂ ಇಲ್ಲ. ಸುಮ್ನೆ."

ಒಬ್ಬಳೇ ಹೋಗುವುದನ್ನಾದರೂ ಸಹಿಸಬಹುದಿತ್ತು. ಕೆಲಸವಿದ್ದರೆ ಹೆಂಗಸು ಎಲ್ಲಿಗೆ ಬೇಕಾದರೂ ಹೋಗಬಹುದು. ಕೆಲಸವಿಲ್ಲದೆ ಹಿತ್ತಲಿಗೆ ಹೋದರೂ ಯಾಕೆ ಎಂದು ಕೇಳುವ ಮನೆ ಅದು. ಪಾಸ್‌ಪೋರ್ಟ್ ಇಲ್ಲವಲ್ಲ ಎಂದು ತಿಮ್ಮರಾಯಪ್ಪ ಸಮಾಧಾನ ಪಟ್ಟುಕೊಂಡ. ಆದರೆ ಭೂತಾನಕ್ಕೆ ವೋಟರ್ ಕಾರ್ಡ್ ಸಾಕಾಗಿತ್ತು. ಪ್ರತಿ ಚುನಾವಣೆಗೂ ಅವನೇ ಬೀರುವಿನಿಂದ ತೆಗೆದು, ಯಾರಿಗೆ ಒತ್ತಬೇಕೆಂದು ಹೇಳಿ ಹೆಂಡತಿಯ ಕೈಗೆ ಕೊಡುತ್ತಿದ್ದ ಕಾರ್ಡು. ಅದಕ್ಕೆ ಗಡಿ ದಾಟಿಸುವ ಶಕ್ತಿಯಿದೆಯೆಂದು ಅವನಿಗೆ ಮೊದಲೇ ಗೊತ್ತಿದ್ದರೆ ಬೀಗ ಹಾಕಿಡುತ್ತಿದ್ದನೇನೋ.

ಹೆಂಗಸು ಒಂದು ವಾರ ಮನೆ ಬಿಡಬೇಕಾದರೆ ಮೊದಲು ಎರಡು ವಾರದ ಕೆಲಸ ಮುಗಿಸಬೇಕು. ಸಾರಿನ ಪುಡಿ ಕುಟ್ಟಿದಳು, ಚಟ್ನಿಪುಡಿ ಮಾಡಿದಳು, ರಾಗಿ ಬೀಸಿಸಿದಳು, ಅತ್ತೆಯ ಮಾತ್ರೆಗಳನ್ನು ದಿನಕ್ಕಿಷ್ಟೆಂದು ಪೊಟ್ಟಣ ಕಟ್ಟಿದಳು. ಮುಂಗಡ ಮಾಡಿಡಲಾಗದ್ದು ಒಂದೇ, ಮೊಸರು. ಅದಕ್ಕೆ ದಿನವೂ ಹೆಪ್ಪು ಹಾಕಬೇಕು. ಎಂಬತ್ತೆರಡರ ಅತ್ತೆ ಬರಗೇರಮ್ಮನಿಗೆ ಮಜ್ಜಿಗೆಯಿಲ್ಲದೆ ಮುದ್ದೆ ಇಳಿಯದು. ಆ ಹೆಪ್ಪೂ ಸಾಮಾನ್ಯದ್ದಲ್ಲ. ಬರಗೇರಮ್ಮ ಮದುವೆಯಾಗಿ ಬಂದಾಗ ತವರಿನಿಂದ ತಂದದ್ದು, ಅರವತ್ತೈದು ವರ್ಷಗಳಿಂದ ಒಂದು ದಿನವೂ ಕಡಿಯದೆ ಬಂದದ್ದು ಎಂದು ಊರಿಗೆಲ್ಲ ಗೊತ್ತಿತ್ತು. ಸೊಸೆ ಚೈತ್ರಾ ಬೆಳಗಿನ ಬಸ್ಸಿಗೆ ಸಿರಿಗೆರೆಯ ಶಾಲೆಗೆ ಪಾಠಕ್ಕೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಹಾಗಾಗಿ ಹೆಪ್ಪು ತಿಮ್ಮರಾಯಪ್ಪನ ಪಾಲಿಗೆ ಬಂತು.

"ಹಾಲು ಉಗುರುಬೆಚ್ಚಗಿರ್ಬೇಕು, ನೆನಪಿರ್ಲಿ," ಎಂದಳು ಏಕನಾಥಮ್ಮ.

"ನಂಗೆ ಹೇಳ್ತೀಯೇನೇ? ಮೂವತ್ತು ವರ್ಷ ಹೈಸ್ಕೂಲ್ ಮಕ್ಳಿಗೆ ಬ್ಯಾಕ್ಟೀರಿಯಾ ಪಾಠ ಮಾಡಿದೋನು ನಾನು!"

ವಿಜ್ಞಾನದ ಮೇಷ್ಟ್ರ ಕೈಗೆ ಹೆಪ್ಪನ್ನು ಒಪ್ಪಿಸಿ ಏಕನಾಥಮ್ಮ ಹೊರಟಳು. ಬೆಂಗಳೂರಿನಿಂದ ವಿಮಾನ, ಗಡಿಯವರೆಗೆ ಬಸ್ಸು, ಅಲ್ಲಿಂದ ಬೆಟ್ಟ ಸುತ್ತುವ ಟ್ಯಾಕ್ಸಿ. ಮೂರನೆಯ ಸಂಜೆ ಥಿಂಪು ಸೇರಿದಳು. ಅಲ್ಲಿ ಉಳಿಯಲು ಎರಡೇ ಹಗಲು ಇದ್ದವು.

ಮೊದಲ ಬೆಳಗ್ಗೆ ಎದ್ದವಳೇ ಹೊದಿಕೆ ಮಡಚಿ, ಹಾಸಿಗೆ ಕೊಡವಿ, ಬಚ್ಚಲು ಉಜ್ಜಿದಳು. ಕೋಣೆ ಗುಡಿಸಲು ಬಂದ ಹುಡುಗಿ ನಕ್ಕುಬಿಟ್ಟಾಗಲೇ ತಾನು ಹೋಟೆಲಿನಲ್ಲಿದ್ದೇನೆಂದು ನೆನಪಾದದ್ದು. ಹೋಟೆಲಿನ ವೈಫೈಗೆ ಫೋನ್ ಜೋಡಿಸಿದ್ದೇ ತಡ, ತಿಮ್ಮರಾಯಪ್ಪನ ಹನ್ನೊಂದು ಕರೆಗಳು ಒಟ್ಟಿಗೇ ಬಂದು ಬಿದ್ದವು. ಕೂಡಲೇ ಕರೆ ಮಾಡಿದಳು.

"ಹೋತು ಕಣೇ," ಎಂದ ತಿಮ್ಮರಾಯಪ್ಪ.

"ಯಾರ್ರೀ? ಅತ್ತೆನಾ?"

"ಹೆಪ್ಪು!"

ಏಕನಾಥಮ್ಮ ಮಂಚದ ಮೇಲೆ ಕೂತಳು. "ಹಾಲು ಎಷ್ಟು ಬಿಸಿ ಇತ್ತು?"

"ಕುದೀತಿತ್ತು. ಕ್ರಿಮಿಗಿಮಿ ಇದ್ರೆ ಸಾಯ್ಲಿ ಅಂತ ಕುದಿ ಕುದಿ ಹಾಲ್ನೇ ಸುರಿದೆ."

"ಸತ್ತಾವೆ ಬಿಡ್ರಿ. ಎದುರು ಮನೆ ಕಾಟಮ್ಮಕ್ಕನ ಹತ್ರ ಒಂಚೂರು ಇಸ್ಕಳ್ರಿ."

"ನಿನ್ನೆ ಸಂಜೆ ಹೋಗಿದ್ದೆ. ದೀಪ ಹಚ್ಚಿದ್ ಮ್ಯಾಲೆ ಹೆಪ್ಪು ಹೊಸಿಲು ದಾಟಾಂಗಿಲ್ಲ ಮೇಷ್ಟ್ರೇ ಅಂತ ಬರೀ ಬಟ್ಲು ವಾಪಸ್ ಕೊಟ್ಲು."

"ಈಗ ಬೆಳಕಾಗೈತಲ್ಲ, ಹೋಗ್ರಿ."

"ರಿಟೈರ್ಡ್ ಮೇಷ್ಟ್ರು ನಾನು, ಬಟ್ಲು ಹಿಡ್ಕಂಡು ಎರಡೆರಡು ಸಲ ಬೀದೀಲಿ ನಿಂತ್ಕಳ್ಳೇನು? ಅವ್ವ ನಿನ್ನೆಯಿಂದ ಮುದ್ದೆ ಮುಟ್ಟಿಲ್ಲ. ಈ ವಯಸ್ಸಿನಾಗೆ ಏನಾದ್ರೂ ಆದ್ರೆ? ಇವತ್ತೇ ಹೊಂಟು ಬಾ."

ಪೊಲೀಸನ ಚೌಕ ಹೋಟೆಲಿನಿಂದ ಹತ್ತು ನಿಮಿಷದ ದಾರಿ. ಏಕನಾಥಮ್ಮನ ಕಣ್ಣು ಮೂಲೆಯಲ್ಲಿದ್ದ ಬ್ಯಾಗಿನ ಮೇಲೆ ಹೋಯಿತು. ಮುದುಕಿ ಉಪವಾಸವಿದ್ದರೆ ಚೌಕದಲ್ಲಿ ನಿಂತು ನೋಡುವುದಾದರೂ ಏನನ್ನು?

"ಅತ್ತೆಗೆ ಫೋನ್ ಕೊಡ್ರಿ," ಎಂದಳು.

ಬರಗೇರಮ್ಮನ ದನಿ ಕೇಳಿತು. "ನೀ ಅತ್ಲಾಗೆ ಹೋಗಲೇ ತಿಮ್ಮ, ಹೆಂಗಸ್ರ ಮಾತೈತೆ." ಬಾಗಿಲು ಮುಚ್ಚಿದ ಸದ್ದಾಯಿತು. "ಏಕನಾಥಿ, ಬರಬ್ಯಾಡ ನೀನು."

"ಊಟ ಬಿಟ್ಟೀರಂತೆ?"

"ಚೈತ್ರಾ ಬಸ್ಸಿಗೆ ಹೋಗಾಕ್ ಮುಂಚೆ ಹಾಲಿಗೆ ಮುದ್ದೆ ಮುರಿದು ಕೊಡ್ತಾಳೆ. ನಿನ್ನೆನೂ ಉಂಡೀನಿ, ಇವತ್ತೂ ಉಂಡೀನಿ. ಅವನಿಗೆ ಹೇಳಿಲ್ಲ, ಅಷ್ಟೇ. ಒಂದ್ಸಲ ಬಟ್ಲು ಹಿಡ್ಕಂಡು ಹೋಗ್ಲಿ, ಕೈಯೇನು ಸವೆಯಾಕಿಲ್ಲ."

"ಅಲ್ಲತ್ತೆ, ನಿಮ್ಮ ತವರಿನ ಹೆಪ್ಪು..."

"ಯಾವ ತವರು? ನಾನೇ ನಾಲ್ಕು ಸಲ ಕೆಡ್ಸೀನಿ. ಒಂದ್ಸಲ ಬೆಕ್ಕು ಕುಡೀತು. ಆ ಕಾಟಮ್ಮನ ಅತ್ತೆ ಹತ್ರ ಇಸ್ಕಂಡು ಸೆರಗಿನಾಗೆ ಮುಚ್ಕಂಡು ತರ್ತಿದ್ದೆ. ನಮ್ಮತ್ತೆ ದಿನಾ ನನ್ನ ತವರು ಆಡ್ಕಳ್ತಿದ್ಲು. ಅಲ್ಲಿಂದ ಏನೋ ಒಂದು ಬಂದೈತೆ ಅಂತಾದ್ರೂ ಇರ್ಲಿ ಅಂತ ಹಂಗಂದಿದ್ದೆ." ಮುದುಕಿ ಕೆಮ್ಮುತ್ತಾ ನಕ್ಕಳು. "ಆ ಪೊಲೀಸಪ್ಪನ್ನ ನೋಡಿದ್ಯೇನೇ?"

"ಇನ್ನೂ ಇಲ್ಲ."

"ಮತ್ತೆ ಫೋನ್ ಇಟ್ಟು ಹೋಗು."

ಏಕನಾಥಮ್ಮ ಫೋನನ್ನು ಮೇಜಿನ ಖಾನೆಯಲ್ಲಿಟ್ಟು ಹೊರಟಳು. ಚೌಕದ ಎದುರು ಅಂಗಡಿಯೊಂದರ ಮೆಟ್ಟಿಲ ಮೇಲೆ ಎರಡು ತಾಸು ಕೂತಳು. ಬಿಳಿ ಕೈ ಏಳುತ್ತಿತ್ತು, ಗಾಡಿಗಳು ನಿಲ್ಲುತ್ತಿದ್ದವು. ಕೈ ಬಾಗುತ್ತಿತ್ತು, ಹೊರಡುತ್ತಿದ್ದವು. ಹಾರ್ನ್ ಇಲ್ಲ. ಮನೆಯಲ್ಲಿ ಅವಳು ಇಷ್ಟು ವರ್ಷ ಮಾಡಿದ್ದೂ ಇದೇ ಕೆಲಸ. ಮಂಟಪ ಕಟ್ಟಿಸಿಕೊಟ್ಟಿರಲಿಲ್ಲ, ಯಾರೂ ದೂರದಿಂದ ನೋಡಲು ಬಂದಿರಲಿಲ್ಲ, ಅಷ್ಟೇ. ಗಂಡಸೊಬ್ಬ ಬೆನ್ನಿಗೆ ಮಗು ಕಟ್ಟಿಕೊಂಡು ಸೊಪ್ಪಿನ ಚೀಲ ಹಿಡಿದು ರಸ್ತೆ ದಾಟಿದ. ಅವನನ್ನು ಯಾರೂ ಹೊಗಳಲಿಲ್ಲ ಎಂಬುದನ್ನು ಅವಳು ವಿಶೇಷವಾಗಿ ಗಮನಿಸಿದಳು. ಅಂಗಡಿಯಾಕೆ ಚಹಾ ತಂದು ಕೊಟ್ಟಳು. ಕುಡಿದಳು. ಲೋಟ ತೊಳೆಯಲು ಎದ್ದವಳು ಮತ್ತೆ ಕೂತಳು. ಮರುದಿನವೂ ಅಲ್ಲಿಗೇ ಬಂದಳು.

ಅವಳು ಊರಿಗೆ ಮರಳಿದಾಗ ಜಗಲಿಯಲ್ಲಿ ಜನ ಸೇರಿದ್ದರು. ಥಿಂಪುವಿನ ಸುದ್ದಿ ಕೇಳಲು ಬಂದಿದ್ದಾರೆಂದುಕೊಂಡಳು. ಅಲ್ಲ, ಮೇಷ್ಟ್ರು ಮೊಸರು ಹಾಕಿದ ಸುದ್ದಿ ಕೇಳಲು ಬಂದಿದ್ದರು. ಕಾಟಮ್ಮನ ಬಾಗಿಲಿಗೆ ಎರಡನೆಯ ಸಲ ಹೋದ ಪ್ರಸಂಗವನ್ನು ತಿಮ್ಮರಾಯಪ್ಪ ಗಡಿ ಕಾಯ್ದು ಬಂದವನಂತೆ ವರ್ಣಿಸುತ್ತಿದ್ದ.

"ಜ್ವರ ನೋಡೋ ಥರ್ಮಾಮೀಟರ್ ಹಾಲಿಗಿಟ್ಟು ನೋಡ್ದೆ ಬೋರಣ್ಣ," ಎಂದು ಪಕ್ಕದಲ್ಲಿದ್ದ ಹಳೆಯ ಸಹೋದ್ಯೋಗಿಗೆ ಹೇಳಿದ. "ಇದೆಲ್ಲ ಸೈನ್ಸು."

"ಗಂಡಸಾಗಿ ಮೊಸರು ಹಾಕೋದಂದ್ರೆ ಸುಮ್ನೇನಪ್ಪ!" ಎಂದ ಬೋರಣ್ಣ.

ತಿಮ್ಮರಾಯಪ್ಪ ಹೆಂಡತಿಗೆ ಬಟ್ಟಲು ಚಾಚಿದ. ಏಕನಾಥಮ್ಮ ಬ್ಯಾಗು ಇಳಿಸಿ, ಒಂದು ಚಮಚ ಬಾಯಿಗಿಟ್ಟು, ನಿಧಾನವಾಗಿ ಚಪ್ಪರಿಸಿದಳು.

"ಗಟ್ಟಿಯಾಗೈತೆ. ನನ್ನ ಕೈಗೆ ಯಾವತ್ತೂ ಇಷ್ಟು ಚೆನ್ನಾಗಿ ಬಂದಿಲ್ಲ. ಇನ್ ಮ್ಯಾಲೆ ದಿನಾ ನೀವೇ ಹಾಕ್ರಿ."

ತಿಮ್ಮರಾಯಪ್ಪ ಬೋರಣ್ಣನ ಮುಖ ನೋಡಿದ. ಬೋರಣ್ಣ ಬೀದಿ ನೋಡಿದ.

ಒಳಗಿನಿಂದ ಬರಗೇರಮ್ಮನ ದನಿ ಬಂತು: "ಹೂಂ ಕಣೋ ತಿಮ್ಮ, ನನ್ನ ತವರಿನ ಹೆಪ್ಪು. ಒಂದ್ಸಲ ಹಿಡಿದ ಕೈ ಬದ್ಲಾಗಬಾರ್ದು."