ಬೇರೆ ಇಟ್ಟ ಹಾಲು

ಬೆಳಿಗ್ಗೆ ಐದೂಕಾಲಿಗೆ ಕೆಂಪು ಹಸುವಿನ ಹಾಲು ಎಂದಿನ ಅರ್ಧದಷ್ಟೂ ತೂಗಲಿಲ್ಲ. ಗಂಟೆ ನೆನಪಿರುವುದಕ್ಕೆ ಕಾರಣ, ಕಾರ್ಖಾನೆಗೆ ಹೊರಟಿದ್ದ ನನ್ನ ಗಂಡ ಆಗಷ್ಟೇ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು. ತಕ್ಕಡಿಯ ಮುಳ್ಳು ಸಿಕ್ಕಿಕೊಂಡಿದೆಯೇನೋ ಎಂದು ಅದನ್ನು ಅಲುಗಿಸಿ ಮತ್ತೆ ನೋಡಿದೆ. ಅಷ್ಟೇ ಇತ್ತು.

ಎರಡನೆಯ ಮಹಾಯುದ್ಧದ ಕಾಲ. ನಮ್ಮ ಮನೆ ಹಲಸೂರು ಕೆರೆಯ ಹಿಂದಿನ ಕೇರಿಯಲ್ಲಿ. ಐದು ಹಸುಗಳಿದ್ದವು, ಹಾಲು ಕಂಟೋನ್ಮೆಂಟಿನ ಬಂಗಲೆಗಳಿಗೆ ಹೋಗುತ್ತಿತ್ತು. ನನ್ನ ಅಪ್ಪ ಸರ್ಕಾರಿ ದನದ ಫಾರಮಿನಲ್ಲಿ ಕೆಲಸಕ್ಕಿದ್ದವರು. ಅಲ್ಲಿ ಒಂದೊಂದು ಹಸುವಿನ ಹಾಲನ್ನೂ ಬೇರೆ ಬೇರೆ ತೂಗುವುದನ್ನು ನೋಡುತ್ತಲೇ ನಾನು ಬೆಳೆದೆ. ಕಾಲೇಜು ಮುಗಿಸಿ ಮದುವೆಯಾಗಿ ಬಂದವಳು, ಇಲ್ಲೂ ತೂಗೋಣ ಎಂದೆ. ಹಿಂಡಿ ಸಿಗುವುದೇ ಕಷ್ಟವಾಗಿದ್ದ ದಿನಗಳು. ಯಾವ ಹಸುವಿಗೆ ಎಷ್ಟು ಹಾಕಬೇಕೆಂದಾದರೂ ತಿಳಿಯಲಿ ಎಂಬುದು ನನ್ನ ಆಸೆ.

ಅತ್ತೆಗೆ ಇದು ಸರಿಬರಲಿಲ್ಲ. ಅವರ ಪದ್ಧತಿಯಲ್ಲಿ ಕರೆದ ಹಾಲಿಗೆ ಸೆರಗು ಮುಚ್ಚಿಯೇ ಒಳಗೆ ತರಬೇಕು, ಎಷ್ಟಾಯಿತೆಂದು ಬಾಯಿಬಿಟ್ಟು ಹೇಳಬಾರದು.

"ಕೆಚ್ಚಲಿಗೆ ಯಾರಾದ್ರೂ ಲೆಕ್ಕ ಇಡ್ತಾರೇನೇ? ನಿಮ್ಮಪ್ಪನ ಫಾರಮ್ಮು ಸರ್ಕಾರದ್ದು. ದೃಷ್ಟಿಯಾದ್ರೆ ಸರ್ಕಾರಕ್ಕಾಗುತ್ತೆ. ನಮಗಾದ್ರೆ?"

ಕೊನೆಗೆ ಒಂದು ಒಪ್ಪಂದವಾಯಿತು: ಕೋಣೆಯ ಬಾಗಿಲು ಹಾಕಿಕೊಂಡು ತೂಗುವುದು, ಅಂಕಿಯನ್ನು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯುವುದು, ಯಾರಿಗೂ ಹೇಳದಿರುವುದು. ಇಂದಿನ ಶಿವಾಜಿನಗರಕ್ಕೆ ಆಗ ಬ್ಲ್ಯಾಕ್‌ಪಲ್ಲಿ ಎನ್ನುತ್ತಿದ್ದರು. ಅಲ್ಲಿಯ ಗುಜರಿಯಲ್ಲಿ ಒಂದು ಸ್ಪ್ರಿಂಗ್ ತಕ್ಕಡಿ ಸಿಕ್ಕಿತು. ಅತ್ತೆಯ ಮುದ್ದಿನ ಬಿಳಿ ಹಸು ಹೆಚ್ಚು ತಿಂದು ಕಡಿಮೆ ಕೊಡುತ್ತದೆ, ಮೂಲೆಯ ಸಣ್ಣ ಕೆಂಪು ಹಸುವೇ ಮನೆ ನಡೆಸುತ್ತಿದೆ ಎಂಬುದು ಬೇಗನೆ ಗೊತ್ತಾಯಿತು. ಹಿಂಡಿಯ ಪಾಲು ಬದಲಾಯಿಸಿದೆ. ಹಾಲು ಏರಿತು. ಅತ್ತೆ ಒಪ್ಪಲಿಲ್ಲ, ಬೇಡವೆನ್ನಲೂ ಇಲ್ಲ.

ಈಗ ಅದೇ ಕೆಂಪು ಹಸು.

"ಬಿತ್ತಲ್ಲ ಕಣ್ಣು," ಎಂದರು ಅತ್ತೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. "ಘಾಟೇ ಬರ್ಲಿಲ್ಲ, ನೋಡ್ದ್ಯಾ? ದೃಷ್ಟಿನೇ ಇದು," ಎಂದು ನನ್ನನ್ನೇ ದಿಟ್ಟಿಸಿದರು. ನನಗೋ ಅವರ ಮೇಲೆಯೇ ಅನುಮಾನ. ತಕ್ಕಡಿಯನ್ನು ಮನೆಯಿಂದ ಹೊರಹಾಕಿಸಲು ಕರುವನ್ನು ಬಿಟ್ಟು ಕುಡಿಸಿರಬಹುದೆ? ಸಂಜೆ ಗಂಡನಿಗೆ ತೋರಿಸೋಣವೆಂದು ಆ ಹಾಲನ್ನು ಬಂಗಲೆಯ ಕ್ಯಾನಿಗೆ ಸುರಿಯದೆ ಹಾಗೆಯೇ ಬೇರೆ ಇಟ್ಟೆ. ಹಗಲಿಡೀ ನಾವಿಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಕೊಟ್ಟಿಗೆ ಬಿಟ್ಟು ಕದಲಲಿಲ್ಲ. ಕರು ಗೂಟದಲ್ಲೇ ಇತ್ತು.

ಸಂಜೆ ಪಾವು ಹಾಲೂ ಬರಲಿಲ್ಲ. ಉಳಿದ ನಾಲ್ಕು ಹಸುಗಳದ್ದು ಎಂದಿನಷ್ಟೇ. ಮೇವು ಒಂದೇ, ನೀರು ಒಂದೇ, ಕರೆದ ಕೈಯೂ ಒಂದೇ. ಕೆಟ್ಟದ್ದು ಆ ಹಸುವಿನೊಳಗೇ ಇದೆ ಎಂದು ಬಾಗಿಲ ಹಿಂದಿನ ಅಂಕಿಗಳನ್ನು ನೋಡುತ್ತ ನಿಂತಾಗ ಅನಿಸಿತು. ಅಷ್ಟರಲ್ಲಿ ಅದು ಕೂಗಿತು. ಹಸುವಿನ ಕೂಗಿನ ಹಾಗಿರಲಿಲ್ಲ. ಗಂಟಲು ಒಡೆದ ಒರಟು ದನಿ. ಹೊರಗೆ ಬಂದು ನೋಡಿದರೆ ಬಾಯಿಂದ ಜೊಲ್ಲು ಸುರಿಯುತ್ತಿದೆ, ಅತ್ತೆ ಸೆರಗು ಸಿಕ್ಕಿಸುತ್ತಿದ್ದಾರೆ.

"ಗಂಟಲಿಗೆ ಏನೋ ಸಿಕ್ಕೊಂಡಿದೆ ಕಣೇ. ಬ್ಯಾರಕ್ಕಿನ ತರಕಾರಿ ಸಿಪ್ಪೆ ತಿಂದಿತ್ತಲ್ಲ, ಯಾವ್ದೋ ಗೆಡ್ಡೆ ಇರ್ಬೇಕು. ತೆಗೆದ್ರೆ ಹಾಲು ತಾನೇ ಬರುತ್ತೆ."

ಕೆಲವು ವಾರಗಳ ಹಿಂದೆ ಹುಚ್ಚುನಾಯಿಯೊಂದು ನಮ್ಮ ಕೇರಿಯಲ್ಲಿ ನುಗ್ಗಿ ಹೋಗಿತ್ತು. ಕೆರೆ ಏರಿಯ ಮೇಲೆ ಅದನ್ನು ಹೊಡೆದು ಹಾಕಿದ್ದರು. ಯಾರನ್ನು ಕಚ್ಚಿತೆಂದು ಯಾರೂ ನೋಡಿರಲಿಲ್ಲ. ಅದು ನನಗೆ ಹೊಳೆಯುವುದಕ್ಕೂ ಅತ್ತೆಯ ಕೈ ಮಣಿಕಟ್ಟಿನವರೆಗೆ ಹಸುವಿನ ಬಾಯೊಳಗೆ ಹೋಗುವುದಕ್ಕೂ ಸರಿಹೋಯಿತು. ಹಿಂದಿನಿಂದ ಭುಜ ಹಿಡಿದು ಎಳೆದೆ. ಇಬ್ಬರೂ ಸಗಣಿಯ ಮೇಲೆ ಬಿದ್ದೆವು.

"ಏನೇ ಇದು, ಅತ್ತೇನೇ ಕೆಡವ್ತೀಯ?"

ಅವರ ಕೈ ಮೇಲೆ ಹುಲ್ಲು ಕೊಯ್ಯುವಾಗ ಆದ ಗೀರುಗಳಿದ್ದವು. ಅವುಗಳ ಮೇಲೆ ಜೊಲ್ಲು ಹೊಳೆಯುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಆ ಕೈ. ಪ್ರತಿ ಸಲವೂ ಇನ್ನೊಂದು ಹೆಜ್ಜೆ ಮುಂದಿದ್ದರೆ ಹಿಡಿಯಬಹುದಿತ್ತು ಎನ್ನುವಷ್ಟರಲ್ಲಿ ಅದು ಒಳಗೆ ಹೋಗಿಬಿಡುತ್ತದೆ.

ಸೋಪು ಹಚ್ಚಿ ತೊಳೆದೆ, ಮತ್ತೆ ತೊಳೆದೆ. ಗಂಡ ಬಂದವರೇ ಸೈಕಲ್ಲಿನಲ್ಲಿ ಹೋಗಿ ದನದ ಡಾಕ್ಟರನ್ನು ಕರೆತಂದರು. ಅವರು ಬಾಗಿಲಲ್ಲೇ ನಿಂತು ಹಸುವನ್ನು ನೋಡಿದರು.

"ಬಾಯಿಗೆ ಕೈ ಹಾಕಿದ್ದು ಯಾರು?"

ಅತ್ತೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ನಾನು ಹೇಳಿದೆ.

"ಇವತ್ತಿನ ಹಾಲು ಎಲ್ಲಿಗೆ ಹೋಯ್ತು?"

ಬೇರೆ ಇಟ್ಟಿದ್ದ ಎರಡೂ ಹೊತ್ತಿನ ಪಾತ್ರೆಗಳನ್ನು ತೋರಿಸಿದೆ.

"ಬೇರೆ ಮನೆಗಳಲ್ಲಿ ಎಲ್ಲಾ ಒಂದೇ ಪಾತ್ರೆಗೆ ಸುರೀತಾರಮ್ಮ. ಯಾವ ಹಸು ಕೆಟ್ಟಿದೆ ಅಂತ ಗೊತ್ತಾಗೋ ಹೊತ್ತಿಗೆ ಮನೆಮಂದಿಯೆಲ್ಲ ಅದರ ಬಾಯಿಗೆ ಕೈ ಹಾಕಿರ್ತಾರೆ. ನಿಮ್ಗೆ ಮೊದಲ ದಿನವೇ ಗೊತ್ತಾಗಿದೆ. ಬೆಳಿಗ್ಗೆ ಎದ್ದವ್ರೇ ಇವರನ್ನ ಆಸ್ಪತ್ರೆಗೆ ಕರ್ಕೊಂಡ್ಹೋಗಿ."

ಹಸು ಆ ವಾರವೇ ಸತ್ತಿತು. ಅತ್ತೆಯ ಹೊಟ್ಟೆಗೆ ದಿನಕ್ಕೊಂದು ಸೂಜಿ. ಜಟಕಾದಲ್ಲಿ ಕೂತು ಅವರು ಅಂದರು, "ಮೊದ್ಲು ತಕ್ಕಡಿ ತಂದೆ, ಈಗ ಸೂಜಿ. ಇನ್ನೇನು ತರ್ತೀಯೋ ತಾಯಿ."

ಸೂಜಿ ಮುಗಿದರೂ ತಿಂಗಳುಗಟ್ಟಲೆ ನೋಡಬೇಕು ಎಂದಿದ್ದರು ಆಸ್ಪತ್ರೆಯ ಡಾಕ್ಟರು. ಹುಚ್ಚುನಾಯಿ ರೋಗ ಬಂದವರಿಗೆ ನೀರು ಕಂಡರೆ ಆಗುವುದಿಲ್ಲ. ಅತ್ತೆ ಚೊಂಬು ಎತ್ತಿದಾಗಲೆಲ್ಲ ನಾನು ಕೆಲಸ ನಿಲ್ಲಿಸುತ್ತಿದ್ದೆ. ಅವರು ಕೆಮ್ಮಿದರೆ ಅನುಮಾನ, ರೇಗಿದರೆ ಅನುಮಾನ, ಸುಮ್ಮನಿದ್ದರೆ ಇನ್ನೂ ಹೆಚ್ಚು.

"ನಾನು ನೀರು ಕುಡಿಯೋದನ್ನ ಯಾಕೆ ಹಂಗೆ ನೋಡ್ತೀಯ?"

"ಸುಮ್ನೆ, ಅತ್ತೆ. ಕುಡೀರಿ."

ಚೊಂಬಿನ ಮೇಲಿಂದ ನನ್ನನ್ನೇ ನೋಡುತ್ತ ಕುಡಿದು ಮುಗಿಸಿದರು. ಅವರಿಗೆ ಎಷ್ಟು ತಿಳಿದಿತ್ತೋ ನಾನು ಕೇಳಲಿಲ್ಲ. ಆದರೆ ಇರುಳೆಲ್ಲ ಅವರು ಮಗ್ಗುಲು ಬದಲಿಸುವುದು ನನಗೆ ಕೇಳಿಸುತ್ತಿತ್ತು. ಆಮೇಲೆ ನಾನು ಚಾಪೆಯನ್ನು ಅವರ ಪಕ್ಕಕ್ಕೇ ಹಾಕಿಕೊಂಡೆ.

ಚಳಿಗಾಲ ಕಳೆದ ಮೇಲೆ ಒಂದು ಶುಕ್ರವಾರ ಡಾಕ್ಟರು ಅತ್ತೆಯ ಕೈಯನ್ನು ತಿರುಗಿಸಿ ನೋಡಿ, "ಇನ್ನು ಬರ್ಬೇಡಿ. ಮನೇಗೆ ಹೋಗಿ ಹಸು ನೋಡ್ಕೊಳ್ಳಿ," ಎಂದರು. ಮನೆಗೆ ಬಂದು ಸಂಜೆಯ ಹಾಲು ಕರೆದೆವು. ಉಂಡು ಮಲಗಿದೆವು.

ಕಣ್ಣು ಬಿಟ್ಟಾಗ ಅಂಗಳದಲ್ಲಿ ಬಿಸಿಲು. ಗಂಡ ನಮ್ಮನ್ನು ಎಬ್ಬಿಸದೆಯೇ ಕಾರ್ಖಾನೆಗೆ ಹೊರಟುಹೋಗಿದ್ದರು. ಕೆಚ್ಚಲು ತುಂಬಿದ ಹಸುಗಳು ಕೂಗಿಕೊಳ್ಳುತ್ತಿದ್ದವು. ಬಂಗಲೆಯೊಂದರ ತಮಿಳು ಬಟ್ಲರ್ ಬಾಗಿಲಲ್ಲಿ ನಿಂತಿದ್ದ.

"ಏನಮ್ಮಾ, ಇವತ್ತು ಪಾಲ್ ಇಲ್ಲಯಾ? ದೊರೆಸಾನಿ ಟೀ ಇಲ್ದೆ ಕೂತವ್ರೆ."

ಪಕ್ಕದ ಚಾಪೆಯಲ್ಲಿ ಅತ್ತೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಮೆಲ್ಲಗೆ ಮಾತಾಡು ಎಂದು ಅವನಿಗೆ ಕೈಸನ್ನೆ ಮಾಡಿದೆ.