ಪ್ರೀತಿಗೆ ಪುರಾವೆ ಕೇಳಿದ ಕಮಿಟಿ

ಮೊದಲು ಬಾತದ್ದು ಪಾದ.

ದಾಮೋದರ ಸಂಜೆ ಅಂಗಡಿ ಮುಚ್ಚಿ ಬಂದು ಚಪ್ಪಲಿ ಬಿಟ್ಟರೆ ಅದರ ಪಟ್ಟಿಯ ಗುರುತು ಪಾದದ ಮೇಲೆ ಹಾಗೇ ಉಳಿಯುತ್ತಿತ್ತು. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ಕಾರವಾರದಲ್ಲಿ ಅವನದು ಮೋಟಾರ್ ರಿವೈಂಡಿಂಗ್ ಅಂಗಡಿ. ದಿನವಿಡೀ ನಿಂತೇ ಕೆಲಸ. "ನಿಂತೂ ನಿಂತೂ ಹಿಂಗಾಗೂದು ಮಾರಾಯಾ, ನೀ ಸುಮ್ಮನೆ ಹೆದರಬೇಡ" ಅಂದ. ಆಮೇಲೆ ಬೆಳಗಿನ ವಾಂತಿ ಶುರುವಾಯಿತು. ಆಮೇಲೆ ನಮ್ಮ ಬಾಡಿಗೆ ಮನೆಯ ಮೆಟ್ಟಿಲು ಹತ್ತುವಾಗ ನಡುವೆ ಕೂರತೊಡಗಿದ. 2007ರ ಮಳೆಗಾಲ ಮುಗಿಯುವ ಹೊತ್ತಿಗೆ ನಾವು ಗಡಿಯಾಚೆ ಗೋವೆಯ ಆಸ್ಪತ್ರೆಯೊಂದರಲ್ಲಿ ನೆಫ್ರಾಲಜಿಸ್ಟ್ ಎದುರು ಕೂತಿದ್ದೆವು.

"ಎರಡೂ ಕಿಡ್ನಿ ಕುಗ್ಗಿಹೋಗಿವೆ" ಎಂದರು ಅವರು ಕೊಂಕಣಿಯಲ್ಲಿ. "ಡಯಾಲಿಸಿಸ್ ಇವತ್ತೇ ಶುರುವಾಗಬೇಕು." ನಂತರ ನನ್ನತ್ತ ತಿರುಗಿದರು. "ನೀವು ಪೇಷಂಟಿಗೆ ಏನಾಗಬೇಕು?"

"ಸ್ನೇಹಿತ."

"ಸಂಬಂಧಿಕರು ಬರಲಿ, ಅವರ ಹತ್ತಿರ ಮಾತಾಡುತ್ತೇನೆ."

ಫೈಲು ಮುಚ್ಚಿತು.

ಏನಾಗಬೇಕು ನಾನು ಅವನಿಗೆ? ಹದಿಮೂರು ವರ್ಷ ಒಂದೇ ಒಲೆಯ ಅನ್ನ ಉಂಡಿದ್ದೆವು. ಮನೆ ಮಾಲಿಕರಿಗೆ ನಾವು ಬಾಡಿಗೆ ಹಂಚಿಕೊಂಡ ಇಬ್ಬರು ಬ್ರಹ್ಮಚಾರಿಗಳು. ನನ್ನ ಅಂಕೋಲೆಯ ಕಚೇರಿಯವರಿಗೆ ನಾನು ಮದುವೆಯ ಸುದ್ದಿ ಎತ್ತಿದರೆ ಚಹಾ ಕುಡಿಯಲು ಎದ್ದು ಹೋಗುವ ಗುಮಾಸ್ತ. ಭಾವಿಕೇರಿಯ ನಮ್ಮ ಮನೆಯವರಿಗೆ ಜಾತಕದಲ್ಲಿ ದೋಷವಿರುವವನು. ಸರ್ಕಾರಕ್ಕೆ ಮಾತ್ರ ನಾವು ಸ್ಪಷ್ಟವಾಗಿ ಏನೋ ಆಗಿದ್ದೆವು: ದಂಡಸಂಹಿತೆಯ 377ನೇ ಕಲಮಿನ ಅಪರಾಧಿಗಳು. ಬಿಳಿಯರು ಬರೆದಿಟ್ಟು ಹೋದ ಕಲಮು ಅದು. ಅವರು ಹೋದ ಮೇಲೆ ನಮ್ಮವರು ಅವರ ಪ್ರತಿಮೆಗಳನ್ನು ಕಿತ್ತರು, ಬೀದಿಗಳ ಹೆಸರು ತಿದ್ದಿದರು, ಇದೊಂದನ್ನು ಮಾತ್ರ ಅಜ್ಜಿಯ ಮೂಗುತಿಯ ಹಾಗೆ ಜೋಪಾನ ಮಾಡಿದರು.

ಡಯಾಲಿಸಿಸ್ ನಮ್ಮ ವಾರವನ್ನು ಕತ್ತರಿಸಿ ಹಾಕಿತು. ಸೂಜಿ ಚುಚ್ಚಲು ಕೈಯ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದರು. ರಕ್ತನಾಳ ಹಗ್ಗದ ಹಾಗೆ ಉಬ್ಬಿ ನಿಂತಿತು. ಹೋಗುವಾಗ ಬಸ್ಸಿನಲ್ಲಿ ಅವನಿಗೆ ಉಸಿರಾಡಲಾಗುತ್ತಿರಲಿಲ್ಲ, ಬರುವಾಗ ತಲೆ ಎತ್ತಲಾಗುತ್ತಿರಲಿಲ್ಲ. ಕಾಳಿ ಸೇತುವೆ ದಾಟುವಾಗ ಅವನ ತಲೆ ನನ್ನ ಹೆಗಲಿಗೆ ಬೀಳುತ್ತಿತ್ತು. ಎಷ್ಟೋ ವರ್ಷ ಸಾರ್ವಜನಿಕವಾಗಿ ಒಬ್ಬರನ್ನೊಬ್ಬರು ಮುಟ್ಟದೆ ಬದುಕಿದವರು ನಾವು. ಈಗ ಯಾರೂ ತಿರುಗಿ ನೋಡುತ್ತಿರಲಿಲ್ಲ. ಸಾಯುತ್ತಿರುವವರಿಗೆ ನಮ್ಮ ಸಮಾಜ ಇಷ್ಟು ರಿಯಾಯಿತಿ ಕೊಡುತ್ತದೆ.

"ಟ್ರಾನ್ಸ್‌ಪ್ಲಾಂಟ್ ಒಂದೇ ದಾರಿ" ಎಂದರು ಡಾಕ್ಟರು. ದಾಮುವಿನ ತಾಯಿ, ನಾನೂ ಆಯಿ ಎಂದೇ ಕರೆಯುವವರು, ಮೊದಲು ಸೆರಗು ಕಟ್ಟಿ ನಿಂತರು. ಅವರಿಗೆ ಸಕ್ಕರೆ ಕಾಯಿಲೆ, ಆಗುವುದಿಲ್ಲ ಎಂದರು ಡಾಕ್ಟರು. ಅಣ್ಣ ಉಮೇಶನ ಬ್ಲಡ್ ಗ್ರೂಪ್ ಹೊಂದುತ್ತಿತ್ತು. ಅವನು ಮುಂದಿನ ಟೆಸ್ಟಿಗೆ ಬರಲೇ ಇಲ್ಲ. "ನಂಗೆ ಹೆಂಡ್ತಿ ಮಕ್ಕಳು ಅದಾರೆ" ಎಂದು ಹೇಳಿ ಕಳಿಸಿದ. ಹೆದರುವುದು ತಪ್ಪಲ್ಲ. ಅಲ್ಲಿಗೇ ಬಿಟ್ಟಿದ್ದರೆ ನಾನು ಅವನನ್ನು ಗೌರವದಿಂದಲೇ ಮರೆಯುತ್ತಿದ್ದೆ.

ನನ್ನ ಗ್ರೂಪೂ ಹೊಂದಿತು. ಇಬ್ಬರ ರಕ್ತ ಬೆರೆಸಿ ನೋಡುವ ಕ್ರಾಸ್‌ಮ್ಯಾಚ್ ಕೂಡ ಸರಿಬಂತು. ಈ ಸುದ್ದಿ ಕಿವಿಗೆ ಬಿದ್ದದ್ದೇ ಉಮೇಶ ನನ್ನ ಕಚೇರಿಯ ಬಾಗಿಲಿಗೇ ಬಂದ.

"ನೀ ಕಿಡ್ನಿ ಕೊಟ್ರೆ ಜನ ಸುಮ್ಮನೆ ಇರ್ತಾರನಾ? ಎಂತಕ್ಕೆ ಕೊಟ್ಟ ಅಂತ ಕೇಳೂದಿಲ್ಲನಾ? ನನ್ನ ಮಗಳನ್ನ ನೋಡುಕೆ ಬರ್ತಾ ಇದ್ದಾರೆ."

"ದಾಮು ಸಾಯ್ತಾನೆ, ಉಮೇಶ."

"ಅದಕ್ಕೆ ದೇವರು ಅದಾನೆ. ನಿಮ್ಮಂಥವರಿಗೆ ಕಾಯ್ದೆನೂ ಅದೆ. ಸರ್ಕಾರಿ ನೌಕರಿ ಮಾಡೂದಲ್ಲ ನೀನು? ಯೋಚನೆ ಮಾಡು."

ತಮ್ಮ ಸಾಯುವುದು ಅವನಿಗೆ ಸಹಿಸಬಲ್ಲ ಸಂಗತಿ. ಬದುಕಿಸುವವನು ಯಾರೆಂದು ಬೀಗರಿಗೆ ಗೊತ್ತಾಗುವುದು ಸಹಿಸಲಾಗದ್ದು.

ಕಾಯ್ದೆ ನಿಜವಾಗಿಯೂ ಇತ್ತು. ಒಂದಲ್ಲ, ಎರಡು. ಅಂಗಾಂಗ ಕಸಿಯ ಕಾಯ್ದೆಯ ಪ್ರಕಾರ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು, ಗಂಡ ಹೆಂಡತಿ ಸುಲಭವಾಗಿ ಕಿಡ್ನಿ ಕೊಡಬಹುದು. ಉಳಿದವರು ಬೆಂಗಳೂರಿನ ಸರ್ಕಾರಿ ಕಮಿಟಿಯ ಎದುರು ಹೋಗಿ, ಕೊಡುತ್ತಿರುವುದು ದುಡ್ಡಿಗಲ್ಲ, ಪ್ರೀತಿಗೆ ಎಂದು ತೋರಿಸಬೇಕು. ಕಿಡ್ನಿ ಮಾರಾಟದ ದಂಧೆ ತಡೆಯಲು ಮಾಡಿದ್ದು. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಒಂದು ಕಾಯ್ದೆ ಪ್ರೀತಿ ಸಾಬೀತು ಮಾಡು ಎನ್ನುತ್ತದೆ, ಇನ್ನೊಂದು ಸಾಬೀತಾದರೆ ಜೈಲು ಎನ್ನುತ್ತದೆ. ಎರಡನ್ನೂ ಜಾರಿಯಲ್ಲಿಟ್ಟವರು ಒಂದೇ ಕ್ಯಾಂಟೀನಿನಲ್ಲಿ ಊಟ ಮಾಡುವವರು.

ಕಮಿಟಿ ಉದ್ದನೆಯ ಮೇಜಿನ ಹಿಂದೆ ಕೂತಿತ್ತು. ಬಿಸ್ಕೆಟ್ ತಟ್ಟೆ ಒಬ್ಬರಿಂದ ಒಬ್ಬರಿಗೆ ಹೋಗುತ್ತಿತ್ತು. ಸದಸ್ಯರೊಬ್ಬರು ಕಾಯ್ದೆಯ ಮಾತನ್ನು ಓದಿದರು, "ಅಫೆಕ್ಷನ್ ಆರ್ ಅಟ್ಯಾಚ್‌ಮೆಂಟ್," ಎಂದು, ಹುಳಿ ಮಜ್ಜಿಗೆ ಬಾಯಿಗೆ ಬಿದ್ದವರಂತೆ.

"ಪ್ರೂಫ್ ಏನಿದೆ?"

"ಒಂದೇ ಮನೆಯಲ್ಲಿದ್ದೇವೆ, ಸರ್. ಬಹಳ ವರ್ಷದಿಂದ."

"ಮದುವೆ ಆಗಿಲ್ವಾ?"

"ಇಲ್ಲ."

"ಅವರಿಗೂ ಆಗಿಲ್ಲ." ಅವರು ಪಕ್ಕದವರನ್ನು ನೋಡಿ ನಕ್ಕರು. "ಇದು ಯಾವ ಥರದ ಸ್ನೇಹ?"

ಆ ನಗು ಹೇಳಿತು: ಅವರಿಗೆ ಗೊತ್ತು. ನಾನೇ ಬಾಯಿಬಿಟ್ಟು ಹೇಳಲಿ ಎಂದು ಕಾಯುತ್ತಿದ್ದಾರೆ, ಇಲಿಯ ಬಿಲದ ಬಳಿ ಬೆಕ್ಕು ಕೂತ ಹಾಗೆ. ಪಕ್ಕದಲ್ಲಿ ದಾಮು ಬೂದಿಬಣ್ಣಕ್ಕೆ ತಿರುಗಿದ ಕೈಗಳನ್ನು ತೊಡೆಯ ಮೇಲಿಟ್ಟು ಕೂತಿದ್ದ. "ಹಳೇ ಸ್ನೇಹ" ಎಂದೆ.

ಜೊತೆಗಿರುವ ಫೋಟೊ ಕೇಳಿದರು. ನಮ್ಮ ಬಳಿ ಇದ್ದದ್ದು ಎರಡು. ಎರಡರಲ್ಲೂ ನಮ್ಮ ನಡುವೆ ಉಮೇಶ ನಿಂತಿದ್ದಾನೆ. ಪೊಲೀಸರಿಗೆ, ಮಾಲಿಕರಿಗೆ, ನೆಂಟರಿಗೆ ಹೆದರಿ ನಾವು ಗುರುತೇ ಉಳಿಯದಂತೆ ಬದುಕಿದ್ದೆವು. ಈಗ ಗುರುತು ತೋರಿಸಿ ಎಂದರು. ಅನುಮಾನಾಸ್ಪದ ಎಂದು ಅರ್ಜಿಯನ್ನು ಮುಂದಿನ ಸಭೆಗೆ ತಳ್ಳಿದರು, ಕುಟುಂಬದವರನ್ನು ಕರೆತರಲು ಹೇಳಿದರು. ಮುಂದಿನ ಸಭೆಯವರೆಗೆ ಬದುಕಿರುವ ಹೊಣೆ ಮಾತ್ರ ಪೇಷಂಟಿನದು.

ದಾಮು ಆ ನಡುವೆ ಒಮ್ಮೆ ಮೂರ್ಛೆ ಹೋದ. ರಕ್ತದಲ್ಲಿ ಪೊಟ್ಯಾಸಿಯಂ ಏರಿತ್ತು. ಎಚ್ಚರವಾದಾಗ "ಸಾಕು ಮಾರಾಯಾ, ನಿನ್ನ ನೌಕರಿ ಉಳಿಸ್ಕೋ" ಅಂದ.

ನಾನು ಅವನಿಗೆ ಬೈದೆ. ಇಡೀ ಕಾಯಿಲೆಯಲ್ಲಿ ಅದೊಂದೇ ಸಲ.

ಎರಡನೆಯ ಸಭೆಗೆ ಉಮೇಶನನ್ನು ಆಯಿಯೇ ಹೊರಡಿಸಿಕೊಂಡು ಬಂದರು. ಏನು ಹೇಳಿ ಹೊರಡಿಸಿದರೋ, ಅವನು ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತಿದ್ದ. ಆಯಿಗೆ ಅಧಿಕಾರಿಗಳು ಹೊಸಬರಲ್ಲ. ಚೆಂಡಿಯಾದ ಅವರ ಮನೆ, ಗದ್ದೆ ನೌಕಾನೆಲೆಗೆ ಹೋಗಿತ್ತು. "ನಮ್ಮನ್ನ ಎಬ್ಬಿಸುಕೆ ಬಂದವರೂ ಹಿಂಗೇ ಮೇಜು ಹಾಕ್ಕೊಂಡು ಕೂತಿದ್ರು ತಮಾ" ಎಂದರು ಒಳಗೆ ಹೋಗುವ ಮುಂಚೆ. "ಹೆದ್ರೂಕೆ ಎಂತದೂ ಇಲ್ಲ. ಅವರಿಗೆ ಊಟದ ಹೊತ್ತಾಗ್ತಾ ಬಂತು."

ಉಮೇಶನನ್ನು ಮೊದಲು ಕೇಳಿದರು. ನೀವು ಯಾಕೆ ಕೊಡುತ್ತಿಲ್ಲ?

"ನನಗೆ ಕುಟುಂಬ ಇದೆ, ಸರ್."

ಸದಸ್ಯರು ತಲೆಯಾಡಿಸಿದರು. ಅದು ಅವರಿಗೆ ಅರ್ಥವಾಗುವ ಉತ್ತರ. ಆಗ ಆಯಿ, ಕೇಳದಿದ್ದರೂ, ಎದ್ದು ನಿಂತರು.

"ದಾಮೂಗೂ ಕುಟುಂಬ ಅದೆ, ಸಾಯ್ಬ್ರೆ."

"ಯಾರಮ್ಮಾ ಅವರ ಕುಟುಂಬ?"

ಆಯಿ ನನ್ನ ಕಡೆ ಕೈ ತೋರಿಸಿದರು. "ಅಲ್ಲಿ ಕೂತಾನಲ್ಲ."

ನೌಕರಿ ಹೋಯಿತು ಎಂದುಕೊಂಡೆ. ಉಮೇಶ ನೆಲ ನೋಡುತ್ತಿದ್ದ.

"ಅಂದ್ರೆ?" ಎಂದರು ಹಿಂದಿನ ಸಲ ನಕ್ಕವರು.

"ಅಂದ್ರೆ ಅಂದ್ರೆ. ಜ್ವರ ಬಂದ್ರೆ ಗಂಜಿ ಮಾಡಿದಂವ ಅವ. ವಾಂತಿ ಬಾಚಿದಂವ ಅವ. ನಂಗೆ ಈ ವಯಸ್ಸಲ್ಲಿ ಗೊತ್ತಾಗಿದ್ದು ನಿಮಗೆ ಇಷ್ಟು ಓದಿ ಗೊತ್ತಾಗೂದಿಲ್ಲನಾ? ಇನ್ನೂ ಬಿಡಿಸಿ ಹೇಳ್ಬೇಕಾದ್ರೆ ಹೇಳ್ತೆ. ಬರ್ಕೊಳ್ಳುದು ನೀವೇ."

ಯಾರೂ ಬಿಡಿಸಿ ಹೇಳಿ ಎನ್ನಲಿಲ್ಲ. ಹೇಳಿಬಿಟ್ಟರೆ ಅವರೇ ಏನಾದರೂ ಮಾಡಬೇಕಾಗುತ್ತಿತ್ತು. ಮಾಡುವುದಕ್ಕಿಂತ ದೊಡ್ಡ ಕಷ್ಟ ಸರ್ಕಾರಿ ಮನುಷ್ಯನಿಗಿಲ್ಲ, ನಾನೂ ಬಲ್ಲೆ. ಅಧ್ಯಕ್ಷರು ಗಡಿಯಾರ ನೋಡಿದರು. "ದೀರ್ಘಕಾಲದ ಸ್ನೇಹಿತ ಅಂತ ಹಾಕಿ" ಎಂದರು. ಒಪ್ಪಿಗೆ ಸಿಕ್ಕಿತು. ಅದು ದಯೆಯಲ್ಲ. ಹೇಡಿತನವೂ ಒಮ್ಮೊಮ್ಮೆ ಸರಿಯಾದ ಕಡೆ ಬೀಳುತ್ತದೆ.

2009ರ ಆರಂಭದಲ್ಲಿ ಬೆಂಗಳೂರಿನಲ್ಲೇ ಆಪರೇಷನ್ ಆಯಿತು. ನನ್ನ ಎಡಗಡೆಯ ಕಿಡ್ನಿ ತೆಗೆದರು. ಎಚ್ಚರವಾದಾಗ ಪಕ್ಕೆಯಲ್ಲಿ ಯಾರೋ ಕೆಂಡ ಇಟ್ಟು ಹೊಲಿದ ಹಾಗಿತ್ತು. ಕೆಮ್ಮಿದರೆ ಕಣ್ಣು ಕತ್ತಲಾಗುತ್ತಿತ್ತು. ಆದರೆ ನರ್ಸ್ ಬಂದು "ಯೂರಿನ್ ಚೆನ್ನಾಗಿ ಬರ್ತಾ ಇದೆ" ಅಂದಾಗ ನಾನು ಅತ್ತೆ. ಇನ್ನೊಬ್ಬರ ಮೂತ್ರದ ಸುದ್ದಿಗೆ ಮನುಷ್ಯ ಹೀಗೆ ಅಳಬಹುದೆಂದು ನನಗೆ ಗೊತ್ತಿರಲಿಲ್ಲ.

ನಡೆಯಲು ಬಿಟ್ಟ ದಿನ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಅವನ ಐಸಿಯು ತನಕ ಹೋದೆ. ಬಾಗಿಲಲ್ಲಿ ಸೆಕ್ಯುರಿಟಿ ತಡೆದ.

"ರಿಲೇಟಿವ್ಸ್ ಮಾತ್ರ."

ನನ್ನ ಕಿಡ್ನಿಗೆ ಪ್ರವೇಶವಿತ್ತು. ನನಗಿರಲಿಲ್ಲ.

ಪಾಸ್ ಉಮೇಶನ ಕೊರಳಲ್ಲಿತ್ತು. ಒಳಗೆ ಹೋದರೆ ಇನ್‌ಫೆಕ್ಷನ್ ಆಗುತ್ತದೆ ಎಂದು ಕೇಳಿ, ತಮ್ಮನಿಗಲ್ಲ ತನಗೆ ಎಂದು ತಿಳಿದು, ಅವನು ಹೊರಗಿನ ಬೆಂಚಿನಲ್ಲೇ ಪೇಪರ್ ಓದುತ್ತಿದ್ದ. ಆಯಿ ಅವನ ಕೊರಳಿನಿಂದ ಪಾಸ್ ತೆಗೆದರು, ನನ್ನ ತಲೆ ಬಗ್ಗಿಸಿ ಕೊರಳಿಗೆ ಹಾಕಿದರು. ಸೆಕ್ಯುರಿಟಿ ಬೇರೆ ಕಡೆ ನೋಡಿದ. ಉಮೇಶನ ಹೆಸರು ಹೊತ್ತು ನಾನು ಒಳಗೆ ಹೋದೆ.

ಮಾಸ್ಕಿನ ಹಿಂದೆ ದಾಮುವಿನ ಕಣ್ಣು ಮಾತ್ರ ಕಾಣುತ್ತಿತ್ತು. ಮುಖದ ಬೂದಿಬಣ್ಣ ಹೋಗಿತ್ತು. "ನೋಯ್ತದೆಯೇನಾ?" ಎಂದು ಕೇಳಿದ. ಇಲ್ಲ ಎಂದೆ. "ಸುಳ್ಳ" ಅಂದ.

ಜುಲೈನಲ್ಲಿ ದೆಹಲಿಯ ಹೈಕೋರ್ಟು, ವಯಸ್ಕರು ಒಪ್ಪಿ ಕೂಡಿದರೆ ಅಪರಾಧವಲ್ಲ ಎಂದಿತು. ಕಚೇರಿಯಲ್ಲಿ ಸಹೋದ್ಯೋಗಿಯೊಬ್ಬ ಪೇಪರನ್ನು ಗಟ್ಟಿಯಾಗಿ ಓದಿ, "ಇನ್ನು ಗಂಡಸರು ಬೆನ್ನು ನೋಡ್ಕೊಂಡು ತಿರುಗಬೇಕು" ಅಂದ. ಎಲ್ಲರೂ ನಕ್ಕರು. ಹೊಟ್ಟೆಯನ್ನು ಮೇಜಿನ ಮೇಲೆ ಸುರುವಿಕೊಂಡು ಕೂರುವ ಆ ಮನುಷ್ಯನ ಬೆನ್ನಿನ ಮೇಲೆ ಯಾರಿಗೆ ಆಸೆ ಹುಟ್ಟೀತು? ನಾನು ಫೈಲಿನಿಂದ ತಲೆಯೆತ್ತಲಿಲ್ಲ. ಮನೆಗೆ ಬಂದು ದಾಮುವಿಗೆ ಹೇಳಿದೆ. "ಹೌದನಾ?" ಎಂದ. ಆಮೇಲೆ ಕೇಳಿದ, "ಹಂಗಾದ್ರೆ ಆಸ್ಪತ್ರೆಯಲ್ಲಿ ನಿನ್ನ ಒಳಗೆ ಬಿಡ್ತಾರನಾ?"

ಇಲ್ಲ. ಜೈಲಿಗೆ ಹಾಕುವುದಿಲ್ಲ ಎಂದಷ್ಟೇ ಹೇಳಿದ್ದರು. ಬಾಗಿಲಲ್ಲಿ ತಡೆಯಬಾರದು, ಮನೆ ಬಿಡಿಸಬಾರದು, ನೌಕರಿ ಕೀಳಬಾರದು ಎಂದು ಯಾವ ಸರ್ಕಾರವೂ ಬರೆದಿಲ್ಲ. ಮೇಲ್ಮನವಿಗೆ ಜನ ಆಗಲೇ ಓಡಿದ್ದರು. ಆದರೂ ಆ ದಿನ ನಾವು ಬಂಗುಡೆ ತಂದು ಸಾರು ಮಾಡಿದೆವು. ಉಪ್ಪು ಕಡಿಮೆ ಹಾಕಿ.

ಕಳೆದ ವಾರ ಗೋವೆಯ ಆಸ್ಪತ್ರೆಗೆ ಚೆಕಪ್ಪಿಗೆ ಹೋಗಿದ್ದೆವು. ಕೌಂಟರಿನಲ್ಲಿ ಹೊಸ ಹುಡುಗಿ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದಳು, "ಜೊತೆಗೆ ಬಂದವರು ಪೇಷಂಟಿಗೆ ಏನಾಗಬೇಕು?"

ನಾನು ಬಾಯಿ ತೆರೆಯುವ ಮೊದಲೇ ದಾಮು ಹೇಳಿದ, "ಇಂವ ನಮ್ಮ ಮನೆಯವ."

ಹುಡುಗಿ ತಲೆಯೆತ್ತಿ ಇಬ್ಬರನ್ನೂ ನೋಡಿದಳು. "ಬ್ರದರ್ ಅಂತ ಹಾಕ್ಲಾ?"

"ಬೇಡ."

"ಹಾಗಾದ್ರೆ ಅದರ್ಸ್ ಅಂತ ಹಾಕ್ತೇನೆ. ಬೇರೆ ಇಲ್ಲ ಇದರಲ್ಲಿ."

"ಸದ್ಯಕ್ಕೆ ಅದನ್ನೇ ಹಾಕಿ" ಅಂದ.

ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ನಾರ್ಮಲ್ ಬಂದಿತ್ತು. ಅಷ್ಟು ಸಾಕು ಎನ್ನುವುದಿಲ್ಲ ನಾನು. ಅಷ್ಟಂತೂ ಇದೆ ಎನ್ನುತ್ತೇನೆ. ಮನೆಗೆ ಮರಳುವ ಬಸ್ಸಿನಲ್ಲಿ ಅವನು ಕಿಟಕಿ ಪಕ್ಕದ ಸೀಟು ಹಿಡಿದು, ಪಕ್ಕದ ಜಾಗದ ಮೇಲೆ ಕರವಸ್ತ್ರ ಹಾಸಿ, ಕೇಳಿದವರಿಗೆಲ್ಲ "ಜನ ಅದೆ" ಎನ್ನುತ್ತ ಕೂತಿದ್ದ.