ನನ್ನ ಕಾರಿನ ಬೇಸಿಗೆ ಟೈರುಗಳು

ಜರ್ಮನಿಯ ರೇಗನ್ಸ್‌ಬರ್ಗಿನ ಆ ಟೈರ್ ಮೆಕ್ಯಾನಿಕ್ಕನ ಜಾಕೆಟ್ಟು ನೀಲಿಯೋ ಬೂದಿಯೋ, ನನ್ನ ನೆನಪನ್ನು ನಂಬಲಾರೆ. ನನ್ನ ಸಿಟ್ಟು ಅದರ ಬಣ್ಣ ಬದಲಿಸಿರಬಹುದು. ಮಾತಿಗೊಮ್ಮೆ ಬಟ್ಟೆಯಲ್ಲಿ ಕೈ ಒರೆಸಿಕೊಂಡು, "ಸರಿನಾ, ಬಾಸ್?" ಎನ್ನುತ್ತಿದ್ದ. ಕೇಳುತ್ತಿದ್ದುದು ಜೊತೆಗೆ ಬಂದಿದ್ದ ನನ್ನ ತಮ್ಮನನ್ನು. ಸ್ಪೋರ್ಟ್ಸ್ ಕಾರು ನನ್ನದು, ನಾನು ದುಡಿದು ಕೊಂಡದ್ದು. ಚಳಿಗೆ ಗಟ್ಟಿಯಾಗುವ ಬೇಸಿಗೆ ಟೈರು ಬಿಚ್ಚಿ ವಿಂಟರ್ ಟೈರು ಹಾಕಿ ಎಂದು ಜರ್ಮನ್‌ನಲ್ಲಿ ಹೇಳಿದವಳೂ ನಾನೇ. "ಮೇಡಂ, ಕಾಫಿ ಒಳಗಿದೆ" ಎಂದು ತಮ್ಮನ ಕಡೆ ತಿರುಗಿದ.

ಬಿಚ್ಚಿದ ಟೈರುಗಳನ್ನು ಚಳಿಗಾಲ ಮುಗಿಯುವವರೆಗೆ ಅಲ್ಲೇ ಇಡಬೇಕಿತ್ತು. ಮೆಕ್ಯಾನಿಕ್ ಸೀಮೆಸುಣ್ಣ ಹಿಡಿದು, "ಯಾರ ಹೆಸರು, ಬಾಸ್?" ಎಂದ. ತಮ್ಮ ತನ್ನ ಹೆಸರು ಹೇಳಿದ. ನಾಲ್ಕೂ ಟೈರುಗಳ ಮೇಲೆ ಅದೇ ಬಿತ್ತು, ದೊಡ್ಡ ಅಕ್ಷರಗಳಲ್ಲಿ.

"ಬಿಡಕ್ಕಾ, ಟೈರ್ ತಾನೇ" ಅಂದ ತಮ್ಮ, ಹೊರಡುವಾಗ.

ನಾನು ಕೇಳಿದೆ: "ಹಾಗಾದ್ರೆ ನನ್ನ ಹೆಸರು ಹೇಳೋಕೆ ನಿಂಗೇನಾಗಿತ್ತೋ?"